ಕ್ಲಚ್ ಹೋಗ್ಯದ ಅಂದ್ರ ಏನು ಹೋಗ್ಯದ?

ಮಾನ್ವಿಯ ನಮ್ಮ ಗೆಳೆಯ ಒಬ್ಬ ಅಪ್ಪನ ಹಳೆ ಗೇರ್‌ಲೆಸ್ ಸ್ಕೂಟರ್ ತಗೊಂಡು ರಾಯಚೂರಿಗೆ ಬಂದಿದ್ದ. "ರೇಸ್ ಕೊಟ್ರ ಇಂಜಿನ್ ಚೀರ್ತದ, ಗಾಡಿ ಮಾತ್ರ ಓಡವಲ್ದು" ಅಂದ. ಮೆಕ್ಯಾನಿಕ್ ಒಬ್ಬರು "ಕ್ಲಚ್ ಹೋಗ್ಯದ, ಪೂರ್ತಿ ಸೆಟ್ ಹಾಕಬೇಕು" ಎಂದಿದ್ದರಂತೆ. ಆ ದುಡ್ಡು ಅವನ ಪರೀಕ್ಷಾ ಶುಲ್ಕಕ್ಕಿಂತ ಹೆಚ್ಚು. ಬಿಚ್ಚುವ ಮೊದಲು ನಾವು ಕೇಳಿದ್ದು ಒಂದೇ ಪ್ರಶ್ನೆ: ತೊಂದರೆ ಯಾವಾಗ ಬರ್ತದ? ಗಾಡಿ ಎತ್ತುವಾಗಲೋ, ಓಡುವಾಗಲೋ, ನಿಂತಾಗಲೋ? ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಒಳಗೆ ಏನಿದೆ?

ಇಂಜಿನ್ ಕಡೆಗೆ ಒಂದು ಪುಲ್ಲಿ, ಹಿಂದಿನ ಗಾಲಿ ಕಡೆಗೆ ಇನ್ನೊಂದು, ನಡುವೆ ವಿ-ಬೆಲ್ಟ್. ಮುಂದಿನ ಪುಲ್ಲಿಯೊಳಗೆ ಸಾಮಾನ್ಯವಾಗಿ 6 ರೋಲರ್‌ಗಳಿರುತ್ತವೆ. ವೇಗ ಏರಿದಂತೆ ಅವು ಹೊರಕ್ಕೆ ಸರಿದು ಪುಲ್ಲಿಯ ತಟ್ಟೆಯನ್ನು ಒತ್ತುತ್ತವೆ; ಬೆಲ್ಟ್ ಮುಂದೆ ಮೇಲೇರುತ್ತದೆ, ಹಿಂದೆ ಒಳಗಿಳಿಯುತ್ತದೆ. ಗೇರ್ ಬದಲಾಗುವುದು ಹೀಗೆ. ನಿಜವಾದ ಕ್ಲಚ್ ಇರುವುದು ಹಿಂದಿನ ಪುಲ್ಲಿಯ ಪಕ್ಕದಲ್ಲಿ: ಸ್ಪ್ರಿಂಗ್ ಹಿಡಿದಿಟ್ಟ ಶೂಗಳು, ಅವುಗಳ ಸುತ್ತ ಒಂದು ಡ್ರಮ್.

ಕೇಂದ್ರಾಪಗಾಮಿ ಬಲ ತಿರುಗುವ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಶೂ ತಿರುಗುವ ವೇಗ ಎರಡು ಪಟ್ಟಾದರೆ ಅದರ ಮೇಲಿನ ಬಲ ನಾಲ್ಕು ಪಟ್ಟು. ಅದಕ್ಕೇ ಐಡಲ್‌ನಲ್ಲಿ ಸುಮ್ಮನಿದ್ದ ಶೂ ರೇಸ್ ಕೊಟ್ಟ ಕೂಡಲೇ ಸ್ಪ್ರಿಂಗನ್ನು ಸೋಲಿಸಿ ಡ್ರಮ್ ಹಿಡಿಯುತ್ತದೆ. ಹಿಮದ ಮೇಲೆ ಓಡುವ ಸ್ನೋಮೊಬೈಲ್‌ನಲ್ಲೂ ಇಂಥದೇ ಎರಡು ಪುಲ್ಲಿ, ಒಂದು ಬೆಲ್ಟ್. ಅಲ್ಲಿ ಮಾತ್ರ ಮುಂದಿನ ಪುಲ್ಲಿಯೇ ಬೆಲ್ಟನ್ನು ಹಿಡಿದು ಬಿಟ್ಟು ಕ್ಲಚ್ ಕೆಲಸವನ್ನೂ ಮಾಡುತ್ತದೆ.

ಲಕ್ಷಣ ನೋಡಿ ಕಾರಣ ಹುಡುಕೋಣ

1. ಎತ್ತುವಾಗ ಇಂಜಿನ್ ಏರಿ, ಗಾಡಿ ತಡವಾಗಿ ಹೊರಟರೆ: ಶೂ ಸವೆದಿರಬಹುದು, ಅಥವಾ ಸೀಲ್ ಸೋರಿ ಅದಕ್ಕೆ ಎಣ್ಣೆ ತಾಗಿರಬಹುದು.
2. ಎತ್ತುವಾಗ ಗಡಗಡ ನಡುಗಿದರೆ: ಶೂ ಮೇಲ್ಮೈ ಗಾಜಿನಂತೆ ನುಣುಪಾಗಿರಬಹುದು, ಒಳಗೆ ದೂಳು ಕೂತಿರಬಹುದು. ದೇವದುರ್ಗದ ಕಡೆ ಎರೆಮಣ್ಣಿನ ದಾರಿಯಲ್ಲಿ ಓಡಾಡುವವರು ಇದನ್ನು ಮೊದಲು ನೋಡಬೇಕು.
3. ಚೆನ್ನಾಗಿ ಎತ್ತಿ, ಆಮೇಲೆ ಇಂಜಿನ್ ಚೀರಿದರೂ ವೇಗ ಏರದಿದ್ದರೆ: ಬೆಲ್ಟ್ ಅಗಲ ಸವೆದಿದೆ, ಇಲ್ಲವೇ ರೋಲರ್ ಚಪ್ಪಟೆಯಾಗಿದೆ.
4. ಐಡಲ್‌ನಲ್ಲೇ ಗಾಡಿ ಮುಂದೆ ಎಳೆದರೆ: ಐಡಲ್ ಹೆಚ್ಚಿದೆ, ಅಥವಾ ಶೂ ಸ್ಪ್ರಿಂಗ್ ಮುರಿದಿದೆ. ಸಿಗ್ನಲ್‌ನಲ್ಲಿ ಇದು ಅಪಾಯ, ಮುಂದೂಡಬೇಡಿ.

ಇದೆಲ್ಲಕ್ಕೂ ಮುಂಚೆ ಇಂಜಿನ್ ಆಫ್ ಮಾಡಿ, ಡಬಲ್ ಸ್ಟ್ಯಾಂಡ್ ಹಾಕಿ, ಹಿಂದಿನ ಗಾಲಿ ಕೈಯಿಂದ ತಿರುಗಿಸಿ. ಬಿಗಿಯಾಗಿದ್ದರೆ ತಪ್ಪು ಬ್ರೇಕಿನದ್ದಿರಬಹುದು. ಏರ್ ಫಿಲ್ಟರ್ ಕಟ್ಟಿದ್ದರೂ ಗಾಡಿ ಎಳೆಯೋದಿಲ್ಲ, ಆದರೆ ಆಗ ಇಂಜಿನ್ ಚೀರುವುದಿಲ್ಲ, ಉಸಿರು ಕಟ್ಟಿದಂತೆ ಮಂದವಾಗುತ್ತದೆ.

ಬಿಚ್ಚುವಾಗ

ಇಂಜಿನ್ ಪೂರ್ತಿ ಆರಿರಲಿ. ಫ್ಯಾನ್ ರೆಕ್ಕೆಗೆ ಸ್ಕ್ರೂಡ್ರೈವರ್ ಸಿಕ್ಕಿಸಿ ನಟ್ ತಿರುಗಿಸಬೇಡಿ, ರೆಕ್ಕೆ ಮುರಿಯುತ್ತದೆ. ಪುಲ್ಲಿ ಹಿಡಿಯುವ ಟೂಲ್ ಬಳಸಿ. ಹಿಂದಿನ ಕ್ಲಚ್‌ನ ನಟ್ ಹಿಂದೆ ಒತ್ತಿಟ್ಟ ದೊಡ್ಡ ಸ್ಪ್ರಿಂಗ್ ಇರುತ್ತದೆ, ಒತ್ತಿ ಹಿಡಿಯದೆ ಬಿಚ್ಚಿದರೆ ಮುಖಕ್ಕೆ ಹಾರೀತು. ಒಳಗಿನ ದೂಳನ್ನು ಬಾಯಿಂದ ಊದಬೇಡಿ. ಹಳೆ ಶೂಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೆಯಿಂದ ಒರೆಸಿ. ಬೆಲ್ಟ್ ತಾಗುವ ಜಾಗಕ್ಕೆ ಗ್ರೀಸ್ ಬೇಡವೇ ಬೇಡ.

ನಮ್ಮ ಗೆಳೆಯನ ಉತ್ತರ ಮೂರನೆಯದು. ವರ್ಕ್‌ಶಾಪ್‌ನ ವರ್ನಿಯರ್‌ನಲ್ಲಿ ಬೆಲ್ಟ್ ಅಗಲ ಅಳೆದು ಆ ಮಾದರಿಯ ಸರ್ವಿಸ್ ಮ್ಯಾನ್ಯುಯಲ್‌ಗೆ ಹೋಲಿಸಿದೆವು. ಮಿತಿಯೊಳಗೇ ಇತ್ತು, ಬಿರುಕೂ ಇರಲಿಲ್ಲ. ಶೂ ಕೂಡ ಸರಿ ಇತ್ತು. ರೋಲರ್‌ಗಳು ಮಾತ್ರ ಒಂದು ಮಗ್ಗುಲು ಚಪ್ಪಟೆಯಾಗಿ, ಉರುಳುವ ಬದಲು ಸಿಕ್ಕಿಕೊಳ್ಳುತ್ತಿದ್ದವು. ಅದೇ ತೂಕದ ಹೊಸ 6 ರೋಲರ್ ಹಾಕಿದೆವು, ಅಷ್ಟೇ. ಸಂಜೆ ಅವನು ಮಾನ್ವಿ ಮುಟ್ಟಿ ಫೋನ್ ಮಾಡಿದ: "ಅಪ್ಪ ಓಡಿಸಿ ನೋಡಿದ್ರು, ಏನ್ ಮಾಡಿದ್ರಿ ಅಂತ ಕೇಳ್ಲಿಕತ್ತಾರ."

ನಿಮ್ಮ ಗಾಡಿಗೂ "ಕ್ಲಚ್ ಹೋಗ್ಯದ" ಅಂದರೆ ಗಾಬರಿಯಾಗಬೇಡಿ. ಯಾವಾಗ ಅಂತ ಮೊದಲು ಕೇಳಿಕೊಳ್ಳಿ, ಆಮೇಲೆ ಸ್ಪಾನರ್ ಹಿಡೀರಿ.