ಗ್ರೀನ್ ಕಾರ್ಡ್ ಸಂದರ್ಶನಕ್ಕೆ ರಾಹುಕಾಲದ ದೋಷವೇ?

ಪ್ರಶ್ನೆ: ಅಮೆರಿಕದಲ್ಲಿರುವ ಮಗಳು-ಅಳಿಯನಿಗೆ ಗ್ರೀನ್ ಕಾರ್ಡ್ ಸಂದರ್ಶನ ಸೋಮವಾರ ಬೆಳಿಗ್ಗೆ 8ಕ್ಕೆ ಬಂದಿದೆ. ರಾಹುಕಾಲವಲ್ಲವೇ? ದಿನ ಬದಲಿಸಲು ಹೇಳಲೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಬೇಡ ತಾಯಿ. ಹಗಲನ್ನು 8 ಭಾಗ ಮಾಡಿದರೆ ಸೋಮವಾರ ಎರಡನೆಯದು ರಾಹುಕಾಲ. ಅದು ಆಯಾ ಊರಿನ ಸೂರ್ಯೋದಯದ ಲೆಕ್ಕ. ನಮ್ಮ ಗೋಡೆ ಕ್ಯಾಲೆಂಡರಿನ 7.30–9 ಅಲ್ಲಿಗೆ ಹೊಂದಬೇಕೆಂದಿಲ್ಲ. ನಾವಾಗಿ ಇಡುವ ಮುಹೂರ್ತಕ್ಕೆ ಕಾಲ ನೋಡಬೇಕು, ಸರ್ಕಾರ ಕರೆದ ಹೊತ್ತಿಗಲ್ಲ. ಮುಂದೂಡಿದರೆ ತಿಂಗಳುಗಟ್ಟಲೆ ತಡವಾದೀತು.

ಹಿಂದಿನ ದಿನ ಗಣಪತಿಗೆ ಗರಿಕೆ ಏರಿಸಿ, ತುಪ್ಪದ ದೀಪ ಹಚ್ಚಿ, ಸಾಕು. ಮಕ್ಕಳು ಪಾಸ್‌ಪೋರ್ಟ್, ಜನನ ಪತ್ರ, ಮದುವೆ ನೋಂದಣಿ ಪತ್ರದ ಅಸಲು ಜೋಡಿಸಿಕೊಳ್ಳಲಿ. ಅಲ್ಲಿ ಮೊದಲೇ ನಿಜ ಹೇಳ್ತೀವಿ ಅಂತ ಪ್ರಮಾಣ ಮಾಡಿಸ್ತಾರೆ. ದಾಖಲೆಗಳಲ್ಲಿ ಹುಟ್ಟಿದ ತಾರೀಖು ಬೇರೆಬೇರೆ ಇದ್ದರೆ ಮುಚ್ಚಿಡದೆ ವಕೀಲರಿಗೆ ಮುಂಚೆಯೇ ತಿಳಿಸಲಿ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನಲಿ. ಪ್ರಮಾಣ ಮಾಡಿ ಸುಳ್ಳಾಡಿದರೆ ಯಾವ ಹೋಮವೂ ಕಾಯದು. ಶುಭಮಸ್ತು.