ಐದು ತಿಂಗಳ ಬಸಿರು: ಗಂಡನ ಜೊತೆ ಸೇರಬಹುದೇ?

ನನಗೆ 23 ವರ್ಷ, ಮುದ್ದೇನಹಳ್ಳಿ ಪಕ್ಕದ ಊರು. ಚೊಚ್ಚಲ ಬಸಿರು, ಐದು ತಿಂಗಳು ತುಂಬುತ್ತಿದೆ. ನಮ್ಮನೆಯವರು ಚಿಕ್ಕಬಳ್ಳಾಪುರದಿಂದ ಹೈದರಾಬಾದಿಗೆ ಹೂವಿನ ಲೋಡು ಹೊಡೆಯುತ್ತಾರೆ. ವಾರಕ್ಕೆ ಎರಡು ರಾತ್ರಿ ಮಾತ್ರ ಮನೆಯಲ್ಲಿರುತ್ತಾರೆ. ಬಸಿರಿ ಅಂತ ಗೊತ್ತಾದಾಗಿನಿಂದ ಅತ್ತೆ ನನ್ನ ಪಕ್ಕದಲ್ಲೇ ಚಾಪೆ ಹಾಕಿಕೊಂಡು ಮಲಗುತ್ತಾರೆ. ಹೋದ ವಾರ ಅವರು ನೆಂಟರ ಮನೆಗೆ ಹೋಗಿದ್ದಾಗ ನಾವಿಬ್ಬರೂ ಸೇರಿದೆವು. ನನಗೂ ಇಷ್ಟವಿತ್ತು. ಬೆಳಿಗ್ಗೆ ಲಂಗದ ಮೇಲೆ ರೂಪಾಯಿ ಬಿಲ್ಲೆಯಷ್ಟು ಕಂದು ಕಲೆ ಇತ್ತು. ಯಾರೂ ಏಳುವ ಮೊದಲೇ ತೊಳೆದುಹಾಕಿದೆ. ಆಮೇಲೆ ಕಾಣಿಸಿಲ್ಲ. ಮಗುವಿಗೆ ಏನಾದರೂ ಆಗಿರುತ್ತದಾ? ಗಂಡನಿಂದಲೂ ಜಿಕಾ ಬರುತ್ತದೆ ಅಂತ ಪಕ್ಕದ ಮನೆಯವರು ಬೇರೆ ಹೆದರಿಸಿದ್ದಾರೆ. ಈ ಹೊತ್ತಲ್ಲಿ ನನಗೆ ಆಸೆಯಾಗುವುದೇ ತಪ್ಪಾ?

ತಂಗಿ, ಆ ಲಂಗವನ್ನು ಕದ್ದು ತೊಳೆಯುವಾಗ ನಿಮಗೆ ಎಷ್ಟು ಭಯವಾಗಿರಬೇಕು! ಅದಕ್ಕೇ ಕಲೆಯ ಮಾತು ಮೊದಲು.

ಬಸಿರಿನಲ್ಲಿ ಗರ್ಭಕೋಶದ ಬಾಯಿಗೆ ರಕ್ತದ ಹರಿವು ಹೆಚ್ಚುತ್ತದೆ, ಅದು ಮೆತ್ತಗಾಗಿರುತ್ತದೆ. ಸ್ವಲ್ಪ ತಾಗಿದರೂ ಒಂದೆರಡು ಹನಿ ಬರಬಹುದು. ನಿಮಗೆ ಆಗಿರುವುದೂ ಇಷ್ಟೇ ಇರಬಹುದು. ಆದರೆ ನಾನು ಇಲ್ಲಿ ಕುಳಿತು ಅದನ್ನು ಖಚಿತವಾಗಿ ಹೇಳಲಾರೆ, ನೀವೂ ಹಾಗೆಂದು ಸುಮ್ಮನಿರಬೇಡಿ. ಬಸಿರಿನಲ್ಲಿ ರಕ್ತ ಕಂಡರೆ, ಒಂದೇ ಹನಿಯಾದರೂ, ವೈದ್ಯರಿಗೆ ಹೇಳಲೇಬೇಕು. ಐದನೇ ತಿಂಗಳ ಸ್ಕ್ಯಾನಿಂಗಿನಲ್ಲಿ ಮಾಸು ಎಲ್ಲಿ ಅಂಟಿಕೊಂಡಿದೆ ಎಂಬುದು ತಿಳಿಯುತ್ತದೆ. ರಿಪೋರ್ಟಿನಲ್ಲಿ ‘ಲೋ ಲೈಯಿಂಗ್ ಪ್ಲಾಸೆಂಟಾ’ ಅಥವಾ ‘ಪ್ಲಾಸೆಂಟಾ ಪ್ರೀವಿಯಾ’ ಎಂದಿದ್ದರೆ ಮಾಸು ಕೆಳಗಿದೆ ಅಥವಾ ಗರ್ಭಕೋಶದ ಬಾಯಿಯನ್ನೇ ಮುಚ್ಚಿದೆ ಎಂದರ್ಥ. ಆಗ ಸೇರಿದರೆ ಜೋರಾಗಿ ರಕ್ತ ಹೋಗುವ ಅಪಾಯವಿದೆ. ಹೊಟ್ಟೆ ಬೆಳೆದಂತೆ ಬಹಳ ಮಂದಿಯಲ್ಲಿ ಮಾಸು ತಾನೇ ಮೇಲಕ್ಕೆ ಸರಿಯುತ್ತದೆ. ಸರಿದಿದೆ ಎಂದು ವೈದ್ಯರು ಹೇಳುವವರೆಗೂ ದೂರವಿರಿ. ಹಾಗೆಯೇ ತಾಯಿ ಕಾರ್ಡ್ ತೆಗೆದು ನಿಮ್ಮ ರಕ್ತದ ಗುಂಪು ನೋಡಿ. ನೆಗೆಟಿವ್ ಇದ್ದರೆ ಕಲೆ ಕಂಡದ್ದನ್ನು ಹೇಳುವುದು ಇನ್ನಷ್ಟು ತುರ್ತು, ಆ್ಯಂಟಿ-ಡಿ ಇಂಜೆಕ್ಷನ್ ಬೇಕಾಗಬಹುದು.

ಪರೀಕ್ಷೆಯಲ್ಲಿ ಎಲ್ಲ ಸರಿಯಿದ್ದರೆ ಗಂಡನೊಡನೆ ಸೇರುವುದರಿಂದ ಮಗುವಿಗೆ ತೊಂದರೆಯಿಲ್ಲ. ಅದು ನೀರಿನ ಚೀಲದೊಳಗಿದೆ, ಸುತ್ತ ಗರ್ಭಕೋಶದ ದಪ್ಪ ಗೋಡೆಯಿದೆ, ಬಾಯಿಯನ್ನು ಗಟ್ಟಿ ಲೋಳೆ ಮುಚ್ಚಿರುತ್ತದೆ. ಗಂಡಸಿನ ಅಂಗ ಮಗುವನ್ನು ಮುಟ್ಟುವುದೇ ಇಲ್ಲ. ಸುಖದ ತುದಿಯಲ್ಲಿ ಹೊಟ್ಟೆ ಸ್ವಲ್ಪ ಹೊತ್ತು ಬಿಗಿಯಾಗಿ ಸಡಿಲವಾಗುವುದುಂಟು. ಅದು ಹೆರಿಗೆ ನೋವಲ್ಲ. ಆದರೆ ಬಿಗಿತ ಬಿಟ್ಟುಬಿಟ್ಟು ಬರುತ್ತಲೇ ಇದ್ದರೆ, ನೀರು ಹೋದರೆ, ಮತ್ತೆ ರಕ್ತ ಕಂಡರೆ ಹೊತ್ತು ನೋಡದೆ ಆಸ್ಪತ್ರೆಗೆ ಹೋಗಿ. ಹೊಟ್ಟೆಯ ಮೇಲೆ ಭಾರ ಬೀಳಬಾರದು, ಇನ್ನು ಮುಂದೆ ಅಂಗಾತ ಬಹಳ ಹೊತ್ತು ಮಲಗಬಾರದು, ಮಗ್ಗುಲಾಗಿರುವುದು ಹಿತ. ಯೋನಿಯೊಳಗೆ ಗಾಳಿ ಊದುವುದು ಮಾತ್ರ ಪ್ರಾಣಕ್ಕೇ ಅಪಾಯ. ಇದನ್ನು ಓದುತ್ತಿರುವ ಬೇರೆ ಹೆಣ್ಣುಮಕ್ಕಳಿಗೂ ಒಂದು ಮಾತು: ಹಿಂದೆ ದಿನ ತುಂಬದೆ ಹೆರಿಗೆಯಾಗಿದ್ದರೆ, ಗರ್ಭಕೋಶದ ಬಾಯಿಗೆ ಹೊಲಿಗೆ ಹಾಕಿದ್ದರೆ ವೈದ್ಯರನ್ನು ಕೇಳದೆ ಸೇರಬೇಡಿ.

ಪಕ್ಕದ ಮನೆಯವರ ಮಾತು ಸುಳ್ಳಲ್ಲ, ಅರ್ಧ ಮಾತ್ರ ಹೇಳಿದ್ದಾರೆ. 2023ರ ಆಗಸ್ಟ್‌ನಲ್ಲಿ ಶಿಡ್ಲಘಟ್ಟ ತಾಲ್ಲೂಕಿನ ತಲಕಾಯಲಬೆಟ್ಟದಲ್ಲಿ ಹಿಡಿದ ಸೊಳ್ಳೆಗಳಲ್ಲಿ ಜಿಕಾ ವೈರಸ್ ಪತ್ತೆಯಾಗಿತ್ತು. ಸುತ್ತಲ ಹಳ್ಳಿಗಳ ಬಸಿರಿಯರ ರಕ್ತವನ್ನೂ ಪರೀಕ್ಷೆಗೆ ಕಳಿಸಿದ್ದರು. ಬಸಿರಿಗೆ ಜಿಕಾ ತಗುಲಿದರೆ ಮಗುವಿನ ಮೆದುಳಿನ ಬೆಳವಣಿಗೆಗೆ ಪೆಟ್ಟು ಬೀಳಬಹುದು. ಅದು ಮುಖ್ಯವಾಗಿ ಹರಡುವುದು ಹಗಲು ಕಚ್ಚುವ ಸೊಳ್ಳೆಯಿಂದ, ಡೆಂಗಿ ತರುವ ಸೊಳ್ಳೆಯೇ ಅದು. ಗಂಡಸಿನ ವೀರ್ಯದಲ್ಲೂ ಆ ವೈರಸ್ ತಿಂಗಳುಗಟ್ಟಲೆ ಉಳಿಯಬಹುದು, ಜ್ವರವೇ ಕಾಣಿಸದೆಯೂ ಇರಬಹುದು. ಹಾಗಾಗಿ ಜಿಕಾ ಕಂಡ ಊರಿಗೆ ನಿಮ್ಮವರು ಹೋಗಿ ಬಂದಿದ್ದರೆ ಹೆರಿಗೆಯವರೆಗೂ ಕಾಂಡೋಮ್ ಬಳಸಲಿ. ಬಸಿರಿನ ಮೊದಲ ತಪಾಸಣೆಯಲ್ಲಿ ಎಚ್‌ಐವಿ, ಸಿಫಿಲಿಸ್ ಪರೀಕ್ಷೆ ಎಲ್ಲರಿಗೂ ಮಾಡುತ್ತಾರೆ. ಗಂಡಂದಿರೂ ಮಾಡಿಸಿಕೊಳ್ಳುವುದು ಒಳ್ಳೆಯದು. ನಿಮ್ಮವರು ಡ್ರೈವರ್ ಎಂದು ಹೇಳುತ್ತಿಲ್ಲ, ಎಲ್ಲ ಗಂಡಂದಿರಿಗೂ ಹೇಳುವ ಮಾತೇ ಇದು. ಸೊಳ್ಳೆ ಹುಟ್ಟದಂತೆ ಮನೆಯ ಡ್ರಮ್ಮು, ತೊಟ್ಟಿಗಳನ್ನು ಮುಚ್ಚಿಡಿ, ವಾರಕ್ಕೊಮ್ಮೆ ಖಾಲಿ ಮಾಡಿ ಉಜ್ಜಿ. ಆ ಕೆಲಸ ನಿಮ್ಮವರು ಮಾಡಲಿ.

ನಿಮಗೆ ಆಸೆಯಾಗುವುದು ಖಂಡಿತ ತಪ್ಪಲ್ಲ. ವಾಂತಿ, ಸುಸ್ತು ಕಳೆದ ಮೇಲೆ ನಾಲ್ಕು–ಐದನೇ ತಿಂಗಳಲ್ಲಿ ಅದು ಮರಳುವುದು ಎಷ್ಟೋ ಹೆಣ್ಣುಮಕ್ಕಳ ಅನುಭವ. ಬೇಡವೆನ್ನಿಸಿದರೆ ಅದೂ ಸಹಜವೇ. ಅವರು ಎರಡೇ ರಾತ್ರಿ ಮನೆಯಲ್ಲಿರುತ್ತಾರೆಂದು ಮನಸ್ಸಿಲ್ಲದೆ ಒಪ್ಪಬೇಕಾಗಿಲ್ಲ. ಸುಮ್ಮನೆ ಬೆನ್ನು ನೀವಿಸಿಕೊಂಡು, ಮಗು ಒದೆಯುವುದನ್ನು ಅವರ ಕೈಗೆ ಮುಟ್ಟಿಸಿಕೊಂಡು ಮಲಗಬಹುದು.

ಅತ್ತೆಯ ಮೇಲೆ ಸಿಟ್ಟಾಗಬೇಡಿ. ಅವರು ಬಸಿರಾಗಿದ್ದ ಕಾಲದಲ್ಲಿ ಹಳ್ಳಿಯ ಹೆಂಗಸಿಗೆ ಸ್ಕ್ಯಾನಿಂಗ್ ಎಲ್ಲಿತ್ತು? ಮಾಸು ಎಲ್ಲಿದೆ ಎಂದು ತಿಳಿಯುವ ದಾರಿಯಿಲ್ಲದಾಗ ಗಂಡ ಹೆಂಡಿರನ್ನು ದೂರವಿಡುವುದೇ ಅವರಿಗೆ ಗೊತ್ತಿದ್ದ ಕಾಪು. ಆ ಚಾಪೆಯಲ್ಲಿ ಅಕ್ಕರೆಯೂ ಇದೆ. ನಿಮ್ಮ ಮಾತಿನಿಂದ ಅದು ಸರಿಯುವುದು ಕಷ್ಟ. ವೈದ್ಯರ ಬಳಿ ಅವರನ್ನೂ ಕರೆದುಕೊಂಡು ಹೋಗಿ. ಮೊದಲು ನೀವೊಬ್ಬರೇ ಒಳಗೆ ಹೋಗಿ ಕಲೆಯ ವಿಷಯ ಹೇಳಿ, ಆಮೇಲೆ ಅತ್ತೆಯನ್ನು ಕರೆಸಿ ವೈದ್ಯರ ಬಾಯಲ್ಲೇ ಹೇಳಿಸಿ. ಬಾಯಿ ಬಿಡಲು ನಾಚಿಕೆಯಾದರೆ ಆಶಾ ಅಕ್ಕನಿಗೆ ಹೇಳಿ, ಅವರು ಜೊತೆಗೆ ಬರುತ್ತಾರೆ.

ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರತಿ ತಿಂಗಳು 9ನೇ ತಾರೀಖು ಬಸಿರಿಯರಿಗೆ ಉಚಿತ ತಪಾಸಣೆ ಇರುತ್ತದೆ. ನೀವು ಅಲ್ಲಿಯವರೆಗೆ ಕಾಯಬೇಡಿ. ಚಿಕ್ಕಬಳ್ಳಾಪುರದಲ್ಲಿ ಜಿಲ್ಲಾ ಆಸ್ಪತ್ರೆ ಇದೆ, ಮುದ್ದೇನಹಳ್ಳಿಯಲ್ಲೇ 2023ರಲ್ಲಿ ಶುರುವಾದ ಉಚಿತ ಚಿಕಿತ್ಸೆಯ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ. ನಾಳೆ ಬೆಳಿಗ್ಗೆಯೇ ತಾಯಿ ಕಾರ್ಡ್, ಸ್ಕ್ಯಾನಿಂಗ್ ರಿಪೋರ್ಟ್ ಹಿಡಿದು ಹೊರಡಿ. ವೈದ್ಯರು ಸರಿ ಎನ್ನುವವರೆಗೂ ಸೇರಬೇಡಿ. ರಾತ್ರಿ ರಕ್ತ ಕಂಡರೆ ಬಟ್ಟೆ ತೊಳೆಯದೆ ಹಾಗೇ ತೆಗೆದಿಟ್ಟುಕೊಂಡು 108ಕ್ಕೆ ಫೋನ್ ಮಾಡಿ.