ಗಾಲ್ಫ್: ತೋಳ್ಬಲವೋ, ಸೊಂಟದ ಬಲವೋ?

ಕಳೆದ ಚಳಿಗಾಲವೆಲ್ಲ ನಾನು ಡಂಬೆಲ್ ಎತ್ತಿದ್ದೇ ಎತ್ತಿದ್ದು. ತೋಳೇನೋ ದಪ್ಪಗಾಯಿತು, ಗಾಲ್ಫ್ ಚೆಂಡು ಮಾತ್ರ ಮೊದಲು ಬೀಳುತ್ತಿದ್ದಲ್ಲೇ ಬಿತ್ತು. ಮೇಲೆ ಮೊಣಕೈ ನೋವು ಬೇರೆ! ಕಾಲೇಜಿನಲ್ಲಿ ಓದಿದ ಮೆಕ್ಯಾನಿಕ್ಸ್ ಆಗ ನೆನಪಾಯಿತು.

ಊರಿನಲ್ಲಿ ಅಜ್ಜಿ ಒಗೆಯುವ ಕಲ್ಲಿಗೆ ಸೀರೆ ಬಡಿಯುತ್ತಿದ್ದುದನ್ನು ನೆನಪಿಸಿಕೊಳ್ಳಿ. ತೋಳು ಸಣ್ಣ, ಸದ್ದು ದೊಡ್ಡದು! ಮೊದಲು ಮೈ ತಿರುಗುತ್ತಿತ್ತು, ಹಿಂದೆಯೇ ತೋಳು, ಕೊನೆಗೆ ಸೀರೆಯ ತುದಿ ರಪ್ಪನೆ ಬೀಳುತ್ತಿತ್ತು. ಗಾಲ್ಫ್ ಸ್ವಿಂಗ್ ಕೂಡ ಹೀಗೆಯೇ. ಸೊಂಟ, ಎದೆ, ತೋಳು, ಕೊನೆಗೆ ಕ್ಲಬ್. ಹಿಂದಿನದು ನಿಧಾನವಾದಂತೆ ಮುಂದಿನದಕ್ಕೆ ವೇಗ ಸಿಗುತ್ತದೆ.

ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಅಂದರೆ ಕ್ಲಬ್ಬಿನ ತಲೆಯ ವೇಗ 10% ಹೆಚ್ಚಬೇಕಾದರೆ ಅದಕ್ಕೆ 21% ಹೆಚ್ಚು ಶಕ್ತಿ ಕೊಡಬೇಕು. ಅದೂ ಸುಮಾರು ಕಾಲು ಸೆಕೆಂಡಿನಲ್ಲಿ! ತೋಳಿನ ಸಣ್ಣ ಸ್ನಾಯುಗಳಷ್ಟರಿಂದಲೇ ಇದು ಆಗದು. ತೊಡೆ, ಸೊಂಟ, ಬೆನ್ನಿನ ದೊಡ್ಡ ಸ್ನಾಯುಗಳು ದುಡಿಯಬೇಕು. ಹಾಗೆಂದು ತೋಳು ದಂಡವಲ್ಲ. ಕ್ಲಬ್ ಜಾರದಂತೆ ಹಿಡಿಯಲು ಮುಂಗೈ ಗಟ್ಟಿ ಇರಬೇಕು. ಆದರೆ ತೀರಾ ಬಿಗಿಹಿಡಿದರೆ ಮಣಿಕಟ್ಟು ಸಲೀಸಾಗಿ ತಿರುಗದೆ ವೇಗ ಕಡಿಮೆಯಾಗುತ್ತದೆ.

ಈಗ ಡಂಬೆಲ್ ಮೂಲೆ ಸೇರಿದೆ, ದಿನಾ ಬಸ್ಕಿ ಹೊಡೆಯುತ್ತಿದ್ದೇನೆ. ಚೆಂಡು ಹತ್ತು ಗಜ ಮುಂದೆ ಹೋಗುತ್ತಿದೆ, ಮೊಣಕೈಯೂ ಸುಮ್ಮನಿದೆ. ಶಾಲೆಯಲ್ಲಿ ಮೇಷ್ಟ್ರು ಹೊಡೆಸಿದ ಬಸ್ಕಿ ಇಷ್ಟು ತಡವಾಗಿ ಉಪಯೋಗಕ್ಕೆ ಬಂತು ನೋಡಿ!